ಮನೆಮಾತಿನ ವಿಚಾರ: ಅಂಟಿದವರೂ ನಡೆದುಕೊಂಡವರೂ

ವಾಚಕರೇ, ಈ ತಿಂಗಳಿನ ಮಾತನ್ನು ನಾವು ನಿಘಂಟಿನಿಂದ ಆರಿಸಿ ತಂದುದಲ್ಲ. ಅದು ನಮಗೆ ಇಟಗಿಯ ಮಹಾದೇವ ದೇವಾಲಯದ ಅಂಗಳದಲ್ಲಿ, ಊರ ಮುದುಕಿಯೊಬ್ಬಳ ಬಾಯಿಂದ ತಾನಾಗಿ ದೊರೆಯಿತು.

ಇಟಗಿಯು ಕೊಪ್ಪಳ ಜಿಲ್ಲೆಯ ಊರು. ಮೊದಲು ಯಲಬುರ್ಗಾ ತಾಲೂಕಿನಲ್ಲಿದ್ದು ಈಗ ಕುಕನೂರು ತಾಲೂಕಿಗೆ ಸೇರಿರುವದು. ನಮ್ಮ ಪರಿಚಿತರೊಬ್ಬರು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಅಲ್ಲಿಗೆ ಹೊರಟಾಗ ನಾವೂ ಜೊತೆಗೂಡಿದೆವು. ಅವರ ಮನೆಗೆ ಆಗಷ್ಟೇ ಸೊಸೆ ಬಂದಿದ್ದಳು. ಗುಡಿಯನ್ನು ಸುತ್ತಿ ನೋಡಿ ದಣಿದು ನೆರಳಿನಲ್ಲಿ ಕುಳಿತಾಗ, ಅಲ್ಲಿಯೇ ಕುಳಿತಿದ್ದ ಆ ಮುದುಕಿಯು ಹೊಸ ಸೊಸೆಯ ಕೈಯ ಹಸಿರು ಬಳೆಗಳನ್ನು ನೋಡಿ ನಕ್ಕು, "ಯವ್ವಾ ತಂಗಿ, ನೀವು ಯಾವ ದೇವರಿಗಿ ನಡಕೋತೀರಿ?" ಎಂದು ಕೇಳಿದಳು.

ಸರಳವಾದ ಪ್ರಶ್ನೆ. ಆದರೆ ಹುಡುಗಿಯು ಉತ್ತರ ಕೊಡಲಿಲ್ಲ. ಒಮ್ಮೆ ಅತ್ತೆಯ ಮುಖವನ್ನು ನೋಡಿದಳು, ಒಮ್ಮೆ ನೆಲವನ್ನು ನೋಡಿದಳು. ಅವಳ ತವರಿನವರು ಹುಲಿಗಿಯ ಹುಲಿಗೆಮ್ಮನಿಗೆ ನಡೆದುಕೊಳ್ಳುವವರು. ಹುಣ್ಣಿಮೆಗೆ ಹುಲಿಗಿಗೆ ಹೋಗುವದು ಅವಳಿಗೆ ಹುಟ್ಟಿದಂದಿನಿಂದ ಬಂದ ರೂಢಿ. ಗಂಡನ ಮನೆಯವರದು ಮೈಲಾರಲಿಂಗ. ಮದುವೆಯಾಗಿ ಮೂರು ಹುಣ್ಣಿಮೆ ಕಳೆದಿದ್ದವು. ಮೂರು ಸಲವೂ ಮನೆಯಲ್ಲಿ ಸಣ್ಣ ಮುನಿಸು ಎದ್ದಿತ್ತು. "ಮದುವಿ ಆದಮ್ಯಾಲೆ ಗಂಡನ ಮನಿ ದೇವರ ದೇವರು" ಎಂಬುದು ಅತ್ತೆಯ ವಾದ. ಅತ್ತೆಯು ಕೆಟ್ಟವಳಲ್ಲ, ತಾನು ಸೊಸೆಯಾಗಿ ಬಂದಾಗ ಕೇಳಿದ ಮಾತನ್ನೇ ತಿರುಗಿ ಆಡಿದ್ದಳು. ಅಂದು ಸೊಸೆಯ ಬದಲಿಗೆ ಅವಳೇ, "ನಮ್ಮದು ಮೈಲಾರಲಿಂಗ್ರೀ" ಎಂದು ಉತ್ತರಿಸಿದಳು. ಮುದುಕಿಯು ಅದಕ್ಕೆ ಏನೆಂದಳೆಂಬುದನ್ನು ಕಡೆಗೆ ಹೇಳುವೆವು. ನಮ್ಮ ಮನಸ್ಸು ಆಗ ಆ ಒಂದು ಕ್ರಿಯಾಪದದಲ್ಲಿಯೇ ಸಿಕ್ಕಿಬಿದ್ದಿತ್ತು: ದೇವರಿಗೆ *ನಡೆದುಕೊಳ್ಳುವದು*.

ಇಂಗ್ಲಿಷಿನಲ್ಲಿ ಇಂಥವರಿಗೆ 'ಅಡ್ಹಿಯರೆಂಟ್' ಎಂಬ ಪದವುಂಟು. ಒಂದು ಮತವನ್ನೋ ಪಕ್ಷವನ್ನೋ ಗುರುವನ್ನೋ ಬಿಡದೆ ಹಿಡಿದವನು ಅಡ್ಹಿಯರೆಂಟ್. ಚರ್ಮಕ್ಕೆ ಕಚ್ಚಿಕೊಂಡ ಪಟ್ಟಿಗೂ ಗೋಡೆಗೆ ಹಿಡಿದ ಸುಣ್ಣಕ್ಕೂ ಅದೇ ಪದ ಸಲ್ಲುವದು. ಏಕೆಂದರೆ ಅದರ ಮೂಲವು 'ಹೆರೇರೆ' ಎಂಬ ಲ್ಯಾಟಿನ್ ಧಾತು. ಅದರ ಅರ್ಥ ಅಂಟಿಕೊಳ್ಳುವದು. ಅದೇ ಧಾತುವಿನಿಂದಲೇ 'ಹೆಸಿಟೇಟ್', ಅಂದರೆ ಅನುಮಾನಿಸಿ ತಡವರಿಸು ಎಂಬ ಪದವೂ ಹುಟ್ಟಿದೆ. ಅಂಟಿಕೊಂಡವನಿಗೆ ಹೆಜ್ಜೆ ಏಳುವದಿಲ್ಲ, ಮಾತು ಹೊರಡುವದಿಲ್ಲ. ಅತ್ತೆಯ ಮುಖ ನೋಡಿ ಸುಮ್ಮನಾದ ಆ ಹುಡುಗಿಯ ನಾಲಗೆಯು ಹೀಗೆಯೇ ಎರಡು ಮನೆಗಳ ನಡುವೆ ಅಂಟಿಕೊಂಡಿತ್ತು.

ನಮ್ಮ ಕನ್ನಡವು ಈ ಎರಡು ಅರ್ಥಗಳನ್ನು ಒಂದೇ ಪದದಲ್ಲಿ ಕಟ್ಟಿಹಾಕಿಲ್ಲ. ಅಂಟುವ ವಸ್ತುವಿಗೆ ಬೇರೆ ಮಾತು, ಅನುಸರಿಸುವ ಮನುಷ್ಯನಿಗೆ ಬೇರೆ ಮಾತು. ಎರಡನ್ನೂ ಮನೆಯೊಳಗಿನ ಬಳಕೆಯಿಂದಲೇ ಪರೀಕ್ಷಿಸೋಣ.

ಮೊದಲು *ಅಂಟು*. ಉತ್ತರ ಕರ್ನಾಟಕದ ಮನೆಗಳಲ್ಲಿ ಈ ಮಾತನ್ನು ಕೇಳಿದೊಡನೆ ನೆನಪಾಗುವದು ಬಾಣಂತಿಯ ಡಬ್ಬಿಯೊಳಗಿನ ಅಂಟಿನುಂಡೆ. ಮರದಿಂದ ಒಸರಿ ಒಣಗಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಗೋಡಂಬಿ, ಬೆಲ್ಲ, ತುಪ್ಪ. ಇವಿಷ್ಟು ಸೇರಿದರೆ ಉಂಡೆ. ಇದರಲ್ಲಿ ಒಂದು ಸೋಜಿಗವಿದೆ. ಕಾದ ತುಪ್ಪಕ್ಕೆ ಬಿದ್ದ ಅಂಟು ಅರಳಿನಂತೆ ಉಬ್ಬಿ ಹಗುರಾಗಿ, ಬೆರಳಿನಿಂದ ಒತ್ತಿದರೆ ಪುಡಿಯಾಗುವದು. ಆ ಹೊತ್ತಿಗೆ ಅದರಲ್ಲಿ ಅಂಟೇ ಇರುವದಿಲ್ಲ. ಉಂಡೆಯನ್ನು ಒಂದಾಗಿ ಹಿಡಿಯುವದು ಬೆಲ್ಲದ ಪಾಕ. ಹೆಸರು ಅಂಟಿನದು, ಕೆಲಸ ಬೆಲ್ಲದ್ದು! ಕೂಡುಮನೆಗಳಲ್ಲಿಯೂ ಹೀಗೆಯೇ ನಡೆಯುವದನ್ನು ವಾಚಕರು ಕಂಡಿರಬಹುದು.

ಕೊಪ್ಪಳದ ಹತ್ತಿರ ಕಿನ್ನಾಳವೆಂಬ ಊರಿದೆ. ಅಲ್ಲಿಯ ಚಿತ್ರಗಾರರು ಹಗುರಾದ ಕಟ್ಟಿಗೆಯಿಂದ ಮಾಡುವ ಗೊಂಬೆಗಳೂ ದೇವರ ಮೂರ್ತಿಗಳೂ ಹೆಸರುವಾಸಿಯಾಗಿವೆ. ಕೈ, ಕಾಲು, ರುಂಡಗಳನ್ನು ಬೇರೆ ಬೇರೆ ಕೆತ್ತಿ ಹುಣಸೆಯ ಬೀಜದ ಸರಿಯಿಂದ ಜೋಡಿಸುವರು. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಕಟ್ಟಿಗೆಯ ಹೊಟ್ಟಿನೊಡನೆ ಅದೇ ಸರಿಯಲ್ಲಿ ಕಲಸಿದರೆ 'ಕಿಟ್ಟ' ಎಂಬ ಮುದ್ದೆಯಾಗುವದು. ಅದನ್ನು ಮೈಮೇಲೆಲ್ಲ ಬಳಿಯುವರು. ಅದರ ಮೇಲೆ ಅರಿವೆಯ ಚೂರು, ಅದರ ಮೇಲೆ ಹರಳುಕಲ್ಲಿನ ಪುಡಿಯ ಲೇಪ, ಕಡೆಗೆ ಬಣ್ಣ. ನೋಡುವವನ ಕಣ್ಣಿಗೆ ಬಣ್ಣ ಮಾತ್ರ ಕಾಣುವದು. ನಾವು ಉಗುಳಿ ಎಸೆಯುವ ಹುಣಸೆಯ ಬೀಜವು ಒಳಗೆ ಮರೆಯಾಗಿದ್ದುಕೊಂಡು ಹತ್ತು ತುಂಡುಗಳನ್ನು ಒಂದು ಮೂರ್ತಿಯನ್ನಾಗಿ ಹಿಡಿದಿರುವದು. ಇದು ಅಂಟಿನ ಹಿರಿಮೆ.

ಅಂಟಿಗೆ ಹಿರಿಮೆಯಿದ್ದಂತೆ ಅಪಕೀರ್ತಿಯೂ ಉಂಟು. ಅಂಟುರೋಗವೆಂದರೆ ಊರೇ ಬೆದರುವದು. ಅಂಟುಮುಟ್ಟು ಎಂಬ ಜೋಡಿಮಾತಿನ ಹಿಂದೆ ಮನುಷ್ಯನು ಮನುಷ್ಯನನ್ನು ದೂರವಿಟ್ಟ ಕಹಿಯಾದ ಕಥೆಯಿದೆ. ಅಂಟುವಾಳದ ಕಾಯಿಯೋ, ಹೆಸರಿನಲ್ಲಿ ಅಂಟನ್ನು ಇಟ್ಟುಕೊಂಡು ಕೂದಲಿನ ಜಿಡ್ಡನ್ನು ಬಿಡಿಸುವದು. ಕೂಸೊಂದು ಅಜ್ಜಿಯನ್ನು ಬಿಟ್ಟಿರಲಾರದೆ ಹೋದರೆ ನಮ್ಮ ಕಡೆಯಲ್ಲಿ "ಅಜ್ಜಿನ್ನ ಭಾಳ ಹಚ್ಚಿಕೊಂಡೈತಿ" ಎನ್ನುವರು. ಹಚ್ಚುವದೆಂದರೂ ಬಳಿಯುವದು, ಅಂಟಿಸುವದು. ಬೇಡವಾದವನು ಬೆನ್ನು ಬಿಡದಿದ್ದರೆ ಮಾತ್ರ "ಗಂಟುಬಿದ್ದಾನ" ಎನ್ನುವರು. ಹೀಗೆ ಅಂಟಿಕೊಳ್ಳುವದು ಕೂಸಿಗೆ ಚಂದ. ದೊಡ್ಡವರಲ್ಲಿ ಅದು ಮಿತಿ ಮೀರಿದರೆ ಮಾತೇ ಹುಳಿಯಾಗುವದು.

ಸಂಸ್ಕೃತದಿಂದ ಬಂದು ನಮ್ಮ ಮನೆಮಾತಾದ ಪದಗಳಲ್ಲಿಯೂ ಈ ಎರಡು ರುಚಿಗಳಿವೆ. ಅಂಟು ಎಂಬ ಅರ್ಥದ ಶ್ಲಿಷ್ ಧಾತುವಿನಿಂದಲೇ ಪ್ರೀತಿಯ ಆಶ್ಲೇಷವೂ, ಒಂದು ಪದದಲ್ಲಿ ಎರಡು ಅರ್ಥಗಳು ಕೂಡಿಕೊಂಡ ಶ್ಲೇಷವೂ, ನೆಗಡಿಯ ಶ್ಲೇಷ್ಮವೂ ಹುಟ್ಟಿವೆ. ಸಂಜ್ ಎಂಬ ಇನ್ನೊಂದು ಧಾತುವಿನ ಅರ್ಥವೂ ಅಂಟುವದೇ. ಸಂಗ, ಪ್ರಸಂಗ, ಆಸಕ್ತಿ ಇವೆಲ್ಲ ಅದರ ಸಂತಾನ. ಹುಡುಗನಿಗೆ ಗಣಿತದಲ್ಲಿ ಆಸಕ್ತಿಯಿದೆ ಎಂದು ನಾವು ಹೆಮ್ಮೆಪಡುವಾಗ, ಅವನು ಗಣಿತಕ್ಕೆ ಅಂಟಿಕೊಂಡಿರುವನೆಂದೇ ಹೇಳಿದಂತಾಯಿತು. ಆದರೆ ಗಾಂಧೀಜಿಯವರು 1930ರಲ್ಲಿ ಪ್ರಕಟವಾದ ತಮ್ಮ ಗುಜರಾತಿ ಗೀತಾನುವಾದಕ್ಕೆ 'ಅನಾಸಕ್ತಿಯೋಗ'ವೆಂದು ಹೆಸರಿಟ್ಟರು. ಲಕ್ಷಾಂತರ ಜನರು ಯಾರ ಹಿಂದೆ ನಡೆದರೋ ಅವರೇ ಅಂಟದಿರುವದನ್ನು ಯೋಗವೆಂದು ಕರೆದರು. ಕೆಲಸವನ್ನು ಬಿಡಬೇಕೆಂದಲ್ಲ, ಫಲಕ್ಕೆ ಅಂಟಬಾರದೆಂದು ಅದರ ತಾತ್ಪರ್ಯ.

ಇನ್ನು ಅನುಸರಿಸುವ ಮನುಷ್ಯರ ಕಡೆಗೆ ಬರೋಣ. ಇವರಿಗೆ ನಮ್ಮಲ್ಲಿ ಪದಗಳ ಬಡತನವಿಲ್ಲ. ಬಳಸುವಾಗ ವಿವೇಕ ಮಾತ್ರ ಬೇಕು.

*ಅನುಯಾಯಿ* ಎಂದರೆ ಹಿಂದಿನಿಂದ ಹೋಗುವವನು. ಮುಂದೊಬ್ಬನು ದಾರಿ ತೋರಿಸುತ್ತಿರಬೇಕು, ಇವನು ಸ್ವಂತ ಕಾಲಿನಿಂದ ಬರುತ್ತಿರಬೇಕು. *ಹಿಂಬಾಲಕ*ನೂ ಹಿಂದೆ ಬರುವವನೇ. ಆದರೆ ಆ ಪದದಲ್ಲಿ ಕಿವಿಗೆ ಬಾಲವೊಂದು ಕೇಳಿಸುವದರಿಂದ ಅದು ಮರ್ಯಾದೆಯ ಮಾತಾಗಿ ಉಳಿದಿಲ್ಲ. *ಬೆಂಬಲಿಗ*ನು ಬೆನ್ನಿಗೆ ಬಲವಾಗಿ ನಿಲ್ಲುವವನು. ಚುನಾವಣೆಯ ಸುದ್ದಿಗೆ ಅದೇ ಸರಿ. *ಮತಾವಲಂಬಿ* ಎಂಬಲ್ಲಿಯ ಅವಲಂಬವೆಂದರೆ ಜೋತುಬೀಳುವದು. ತಡವೆಂಬ ಅರ್ಥದ ವಿಲಂಬವೂ ಅದೇ ಧಾತುವಿನ ಮಗು. ಜೋತುಬಿದ್ದವನಿಗೂ ಅಂಟಿಕೊಂಡವನಂತೆ ಮುಂದೆ ಸಾಗುವದು ತಡವೇ.

*ಭಕ್ತ* ಎಂಬುದು ನಮ್ಮ ಗೃಹಿಣಿಯರಿಗೆ ವಿಶೇಷವಾಗಿ ಪ್ರಿಯವಾಗಬೇಕಾದ ಪದ. ಅದರ ಮೂಲಾರ್ಥವು ಪಾಲು, ಹಂಚಿಕೆ. ಪಾಲಿಗೆ ಬಂದ ಅನ್ನಕ್ಕೂ ಸಂಸ್ಕೃತದಲ್ಲಿ ಭಕ್ತವೆಂದೇ ಹೆಸರು. ಆ ಭಕ್ತವೇ ಮರಾಠಿ, ಹಿಂದಿಗಳಲ್ಲಿ ಭಾತವಾಗಿ, ನಮ್ಮ ಅಡಿಗೆಮನೆಗೆ ಬಿಸಿಬೇಳೆಭಾತಾಗಿ ಬಂದಿರುವದು. ದೇವರೊಡನೆ ಪಾಲುಗಾರನಾದವನು ಭಕ್ತ. ಪಾತ್ರೆಯಿಂದ ಎಲೆಗೆ ಬಂದ ಪಾಲು ಭಾತ. ಕೊಪ್ಪಳದ ಗವಿಮಠದ ಜಾತ್ರೆಯ ಕಾಲಕ್ಕೆ ಹಳ್ಳಿಹಳ್ಳಿಗಳ ಮನೆಗಳಿಂದ ಜೋಳದ ರೊಟ್ಟಿಗಳು ದಾಸೋಹಕ್ಕೆ ಹರಿದುಬರುವದನ್ನು ಕಂಡವರು ಈ ಎರಡು ಅರ್ಥಗಳು ಒಂದೇ ಬುಟ್ಟಿಯಲ್ಲಿ ಬರುವದನ್ನು ಕಂಡಂತೆಯೇ. ರೊಟ್ಟಿ ತಟ್ಟಿ ಕಳಿಸಿದ ತಾಯಿಯು ಭಕ್ತಳೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

*ಒಕ್ಕಲು* ಇದಕ್ಕಿಂತಲೂ ನೆಲದ ಮಾತು. ಒಕ್ಕಲೆಂದರೆ ಮನೆ, ಸಂಸಾರ, ಹೊಲ ಮಾಡಿಕೊಂಡಿರುವ ರೈತ, ಒಕ್ಕಲುತನವೆಂದರೆ ಬೇಸಾಯ. ಒಂದು ದೇವರಿಗೆ ಅಥವಾ ಮಠಕ್ಕೆ ತಲೆಮಾರುಗಳಿಂದ ಸೇರಿದ ಮನೆತನವೂ ಅದರ ಒಕ್ಕಲೇ. ಇಲ್ಲಿ ಲೆಕ್ಕಕ್ಕೆ ಬರುವದು ಒಬ್ಬನ ಅಭಿಪ್ರಾಯವಲ್ಲ, ಇಡೀ ಮನೆ. ಈ ಮಾತಿನ ಬಲವೂ ಅದೇ, ಭಾರವೂ ಅದೇ. ಹೊಸದಾಗಿ ಮನೆ ಸೇರಿದ ಹೆಣ್ಣುಮಗಳು ತನ್ನ ಹೆಸರನ್ನು ಯಾವ ಒಕ್ಕಲಿನಲ್ಲಿ ಬರೆಯಿಸಬೇಕು?

*ನಿಷ್ಠೆ* ಎಂಬ ಪದದಲ್ಲಿ ನಿಲ್ಲುವದೆಂಬ ಧಾತುವಿದೆ. ಅಲುಗಾಡದೆ ನಿಂತವನು ನಿಷ್ಠ. ಹನ್ನೆರಡನೆಯ ಶತಮಾನದ ಶರಣರ ಪರಂಪರೆಯಲ್ಲಿ ಬೆಳೆದ ಷಟ್‌ಸ್ಥಲದ ಶಾಸ್ತ್ರವು ಭಕ್ತಿಗೆ ಆರು ಮೆಟ್ಟಿಲುಗಳನ್ನು ಹೇಳುವದು: ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ. ನಿಷ್ಠೆಯು ಇವುಗಳಲ್ಲಿ ಎರಡನೆಯದೆಂಬುದನ್ನು ವಾಚಕರು ಗಮನಿಸಬೇಕು. ಹಿಡಿದುದನ್ನು ಬಿಡದಿರುವದು ದೊಡ್ಡ ಗುಣವೇ ಸರಿ. ಆದರೆ ಅಲ್ಲಿಗೇ ದಾರಿ ಮುಗಿಯಿತೆಂದು ಬಲ್ಲವರು ಹೇಳಲಿಲ್ಲ. ನಿಷ್ಠೆಯಲ್ಲಿಯೇ ನಿಂತುಬಿಟ್ಟವನು ಮುಂದಿನ ನಾಲ್ಕು ಮೆಟ್ಟಿಲುಗಳನ್ನು ಕಾಣಲಾರನು. ನೆರೆಯವನ ನಿಷ್ಠೆಯನ್ನು ಅಳೆಯುವದರಲ್ಲಿಯೇ ದಿನ ಕಳೆಯುವವರು ಇದನ್ನು ನೆನೆದರೆ ಒಳ್ಳೆಯದು.

ಈ ಎಲ್ಲ ಪದಗಳೂ ಪೇಟೆಯಿಂದ ತಂದ ಒಡವೆಗಳಂತೆ, ಬೇಕಾದಾಗ ತೊಡಬಹುದು. ಆದರೆ ಹಳ್ಳಿಯ ಬಾಯಲ್ಲಿ ದಿನಬಳಕೆಗೆ ಇರುವದು *ನಡೆದುಕೊಳ್ಳು* ಎಂಬ ಒಂದೇ ಮಾತು. ಅದರ ಉಪಯೋಗಗಳನ್ನು ನೋಡಿರಿ. "ಹಿರಿಯರ ಮುಂದೆ ಹೀಗೆ ನಡೆದುಕೊಳ್ಳಬಾರದು" ಎಂದರೆ ಅದು ನಡತೆ. "ಕೊಟ್ಟ ಮಾತಿನಂತೆ ನಡೆದುಕೊಂಡನು" ಎಂದರೆ ಅದು ಸತ್ಯ. "ಆ ದೇವರಿಗೆ ನಡೆದುಕೊಳ್ಳುವವರು" ಎಂದರೆ ಅದು ಭಕ್ತಿ. ನಡತೆ, ಸತ್ಯ, ಭಕ್ತಿ ಮೂರಕ್ಕೂ ಒಂದೇ ಕ್ರಿಯಾಪದ! ಅದರ ಕೊನೆಯ 'ಕೊಳ್ಳು' ಎಂಬುದನ್ನೂ ಮರೆಯಬಾರದು. ಮಾಡುವದಕ್ಕೂ ಮಾಡಿಕೊಳ್ಳುವದಕ್ಕೂ ಎಷ್ಟು ಅಂತರವೋ, ನಡೆಯುವದಕ್ಕೂ ನಡೆದುಕೊಳ್ಳುವದಕ್ಕೂ ಅಷ್ಟೇ ಅಂತರ. ನಡೆದುಕೊಳ್ಳುವವನು ತನ್ನ ನಡೆಯನ್ನು ತಾನೇ ವಹಿಸಿಕೊಂಡಿರುವನು. ಯಾರೂ ಅವನನ್ನು ಎಳೆದೊಯ್ಯುತ್ತಿಲ್ಲ.

ವೈದ್ಯರ ಮಾತಿನಲ್ಲಿಯೂ ಇದೇ ವಿಚಾರ ಬಂದಿರುವದು. ರೋಗಿಯು ಔಷಧವನ್ನು ಹೇಳಿದಂತೆ ತಪ್ಪದೆ ಸೇವಿಸುವದಕ್ಕೆ ಇಂಗ್ಲಿಷಿನಲ್ಲಿ ಹಿಂದೆ ಅಪ್ಪಣೆ ಪಾಲಿಸುವದೆಂಬ ಅರ್ಥದ ಪದವಿತ್ತು. ಈಚೆಗೆ ಅದನ್ನು ಹಿಂದಿಟ್ಟು 'ಅಡ್ಹಿಯರೆನ್ಸ್' ಎಂಬುದನ್ನು ರೂಢಿಗೆ ತಂದರು; ರೋಗಿಯೂ ಒಪ್ಪಿ ನಡೆಯಬೇಕೆಂಬುದು ಅದರ ಆಶಯ. ವಿಶ್ವ ಆರೋಗ್ಯ ಸಂಸ್ಥೆಯು 2003ರಲ್ಲಿ ಹೊರಡಿಸಿದ ವರದಿಯ ಮೇರೆಗೆ, ಮುಂದುವರಿದ ದೇಶಗಳಲ್ಲಿಯೂ ದೀರ್ಘಕಾಲದ ರೋಗಿಗಳಲ್ಲಿ ಹೀಗೆ ನಡೆದುಕೊಳ್ಳುವವರ ಸರಾಸರಿಯು ಶೇಕಡಾ 50 ಮಾತ್ರ. ರಕ್ತದೊತ್ತಡದ ಗುಳಿಗೆಯನ್ನು ತಿಂಗಳೊಪ್ಪತ್ತು ನುಂಗಿ, ಮೈಗೆ ಸುಖವೆನಿಸಿದೊಡನೆ ಬಿಟ್ಟುಬಿಡುವ ಯಜಮಾನರು ನಮ್ಮ ವಾಚಕರ ಮನೆಗಳಲ್ಲಿಯೂ ಇಲ್ಲದಿಲ್ಲ. ನಮ್ಮ ಹಿರಿಯರ ಪದ *ಪಥ್ಯ*. ಅದರೊಳಗೆ ಪಥವಿದೆ, ಅಂದರೆ ದಾರಿಯಿದೆ. ದಾರಿಗೆ ಹಿತವಾದದ್ದು ಪಥ್ಯ. ಅಲ್ಲಿಯೂ ಅಂಟಿಲ್ಲ, ನಡೆಯಿದೆ.

ಇಷ್ಟೆಲ್ಲವನ್ನು ಯೋಚಿಸುತ್ತ ನಾವು ಆ ದಿನ ಮತ್ತೊಮ್ಮೆ ಗುಡಿಯ ಕಡೆಗೆ ಕಣ್ಣೆತ್ತಿ ನೋಡಿದೆವು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಇದನ್ನು ಕಟ್ಟಿಸಿದನು. ಅಲ್ಲಿಯ ಶಾಸನವು ಇದನ್ನು ದೇವಾಲಯ ಚಕ್ರವರ್ತಿಯೆಂದು ಕರೆಯುವದು. ಬಳಪದ ಕಲ್ಲಿನ ಕೆಲಸ. ಕನ್ನಡಿಯಂತೆ ಹೊಳಪಿಟ್ಟ, ತಿರುಗಣೆಗೆ ಹಿಡಿದಂತೆ ದುಂಡಾದ ಕಂಬಗಳು. ಆ ಕಾಲದ ಗುಡಿಗಳಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಗಾರೆಯನ್ನು ಹಾಕುತ್ತಿರಲಿಲ್ಲ. ಒಂದರ ಮೈಗೆ ಇನ್ನೊಂದರ ಮೈ ಕೂಡುವಂತೆ ಕಡೆದು, ಭಾರವನ್ನು ತೂಗಿಸಿ ಇಡುತ್ತಿದ್ದರು. ಅಂಟಿಲ್ಲದೆ, ಕೂಡಿಕೆಯ ಬಲದಿಂದಲೇ ಆ ಕಲ್ಲುಗಳು 900 ವರ್ಷಗಳಿಗೂ ಮೇಲ್ಪಟ್ಟು ನಿಂತಿವೆ.

ಇನ್ನೊಂದು ಸಂಗತಿಯು ನಮ್ಮ ಹೊಸ ಸೊಸೆಗೆ ಸಂಬಂಧಪಟ್ಟದ್ದು. ದಂಡನಾಯಕನು ಮಹಾದೇವನ ಗುಡಿಯೊಂದನ್ನೇ ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ. ಅದೇ ಆವರಣದಲ್ಲಿ ತಂದೆಯ ನೆನಪಿಗೆ ಮೂರ್ತಿನಾರಾಯಣನ ಗುಡಿಯನ್ನೂ ತಾಯಿಯ ನೆನಪಿಗೆ ಚಂದ್ರಲೇಶ್ವರಿಯ ಗುಡಿಯನ್ನೂ ಇರಿಸಿದನು. ಶಿವನ ದೊಡ್ಡ ಗುಡಿಯ ಮಗ್ಗುಲಲ್ಲಿ ನಾರಾಯಣನ ಹೆಸರಿಗೂ ಒಬ್ಬ ತಾಯಿಯ ಹೆಸರಿಗೂ ಸ್ಥಳ ಸಾಲದೆ ಹೋಗಲಿಲ್ಲ. ಚಕ್ರವರ್ತಿಯ ದಂಡನ್ನು ನಡೆಸಿದವನು ಹೆತ್ತವರನ್ನು ಮರೆಯದೆ ತನ್ನ ಸ್ವಾಮಿಗೆ ನಡೆದುಕೊಂಡನು. ಹಾಗಿರಲು, ಗಂಡನ ಮನೆಗೆ ಬಂದ ಹುಡುಗಿಯು ಹೆತ್ತವರ ದೇವರನ್ನು ಹೊಸಿಲಿನ ಹೊರಗೆ ಬಿಟ್ಟುಬರಬೇಕೆಂಬುದು ಎಲ್ಲಿಯ ನ್ಯಾಯ?

ಆದರೆ ಈ ಶಾಸನ, ಇತಿಹಾಸಗಳ ವಾದವನ್ನು ನಾವು ಅತ್ತೆಯ ಮುಂದೆ ಹೂಡುವ ಪ್ರಸಂಗವೇ ಬರಲಿಲ್ಲ. ಮುದುಕಿಯು ಮೊದಲೇ ತೀರ್ಪು ಕೊಟ್ಟಿದ್ದಳು. "ನಮ್ಮದು ಮೈಲಾರಲಿಂಗ್ರೀ" ಎಂದು ಅತ್ತೆ ಹೇಳಿದಾಗ ಅವಳು, "ಅದು ನಿಮ್ಮದಾತು. ಈಕಿ ತವರವರು?" ಎಂದಳು. ಹುಡುಗಿಯು ಮೆಲ್ಲಗೆ, "ಹುಲಿಗೆಮ್ಮ" ಎಂದಳು. ಅತ್ತೆಯು ಏನೋ ಹೇಳಹೋದಳು. ಮುದುಕಿಯು ಅವಳ ಮೊಣಕಾಲಿನ ಮೇಲೆ ಕೈಯಿಟ್ಟು, "ಎರಡಕ್ಕೂ ನಡಕೊಳ್ಳಲಿ ಬಿಡ, ಯವ್ವಾ. ಒಂದ ಕಾಲಿಲೆ ನಡಿಯಾಕ ಬರತೈತೇನು?" ಎಂದು ನಕ್ಕಳು.

ನಮ್ಮ ಗುಂಪಿನವರೆಲ್ಲ ನಕ್ಕರು; ಅತ್ತೆಯು ಮಾತ್ರ ನಗಲಿಲ್ಲ. ಕುಕನೂರಿನ ದಾರಿಯುದ್ದಕ್ಕೂ ಸುಮ್ಮನೆ ಕಿಟಕಿಯಿಂದ ಹೊರಗೆ ಜೋಳದ ಹೊಲಗಳನ್ನು ನೋಡುತ್ತಿದ್ದಳು. ಊರು ಇನ್ನೇನು ಬಂತೆನ್ನುವಾಗ ಯಾರ ಕಡೆಗೂ ನೋಡದೆ, "ನಮ್ಮವ್ವನ ಮನ್ಯಾಗ ಬನಶಂಕರಿ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಬಾದಾಮಿಗಿ ಹೋಗಿ ಮೂವತ್ತು ವರ್ಷ ಆತು" ಎಂದಳು. ಆ ಮೇಲೆ ಸೊಸೆಯನ್ನು ಕುರಿತು, "ಹುಣ್ಣಿಮಿ ಯಾವತ್ತೈತಿ?" ಎಂದು ಕೇಳಿದಳು.

ಸೊಸೆಯು ಬೆರಳು ಮಡಚಿ ಎಣಿಸಿ ಹೇಳಿದಳು. ಈ ಸಲ ಅವಳ ಮಾತು ಎಲ್ಲಿಯೂ ಅಂಟಲಿಲ್ಲ.

ವಾಚಕರೇ, ಪದಗಳನ್ನು ಜೋಪಾನವಾಗಿ ಬಳಸಬೇಕೆಂದು ನಾವು ಆಗಾಗ ಹೇಳುತ್ತ ಬಂದಿರುವೆವು. ಈ ತಿಂಗಳ ಬಿನ್ನಹವೂ ಅದೇ. ನಿಮ್ಮ ಮನೆಯಲ್ಲಿ ಯಾರಾದರೂ ಹಿರಿಯರ ದಾರಿಯನ್ನು ಬಿಟ್ಟರೆಂದು, ಇಲ್ಲವೆ ತಮ್ಮ ಹಳೆಯ ದಾರಿಯನ್ನು ಬಿಡಲೊಲ್ಲರೆಂದು ಮುನಿಸು ಬಂದಾಗ, ಅವರು ಯಾವುದಕ್ಕೆ ಅಂಟಿರುವರೆಂದು ಕೇಳಬೇಡಿರಿ. ಹೇಗೆ ನಡೆದುಕೊಳ್ಳುತ್ತಿರುವರೆಂದು ನೋಡಿರಿ. ಆ ಭೇದವನ್ನು ನಮ್ಮ ಭಾಷೆಯು ಬಹಳ ಹಿಂದೆಯೇ ಮಾಡಿ ಇಟ್ಟಿರುವದು.